ಡೆಕ್ಕಿನಡಿಯ ಡೀಸೆಲ್ ಟ್ಯಾಂಕು ತೂತಾದಾಗ: ತದಡಿಯ ಒಂದು ಗಿಲ್‌ನೆಟ್ ಬೋಟಿನ ಪ್ರಕರಣ

ಉತ್ತರ ಕನ್ನಡದ ಅಘನಾಶಿನಿ ಅಳಿವೆಯಲ್ಲಿ, ತದಡಿ ಬಂದರಿನ ಬದಿಗೆ ಲಂಗರು ಹಾಕುವ 32 ಅಡಿಯ ಫೈಬರ್ ಬೋಟು. 36 ಅಶ್ವಶಕ್ತಿಯ ಇನ್‌ಬೋರ್ಡ್ (ಬೋಟಿನೊಳಗೇ ಕೂರಿಸಿದ) ಡೀಸೆಲ್ ಎಂಜಿನ್, ಗಿಲ್‌ನೆಟ್ (ಮೀನು ಕಿವಿರಿನಲ್ಲಿ ಸಿಕ್ಕಿಬೀಳುವ ಬಲೆ) ಕೆಲಸ, ವಯಸ್ಸು ಹನ್ನೊಂದು ವರ್ಷ. ಎಂಜಿನ್ ಕೋಣೆಗೂ ಮೀನಿನ ಹೋಲ್ಡಿಗೂ ನಡುವೆ, ಡೆಕ್ಕಿನ ಅಡಿಯಲ್ಲಿ 250 ಲೀಟರಿನ ಕಬ್ಬಿಣದ ಟ್ಯಾಂಕು. ಬೋಟು ಕಟ್ಟುವಾಗಲೇ ಟ್ಯಾಂಕನ್ನು ಇಳಿಸಿ, ಸುತ್ತ ಫೋಮ್ ಸುರಿದು, ಮೇಲೆ ಡೆಕ್ ಹಾಸಿ ಮುಚ್ಚಿದ್ದರು. ಅದನ್ನು ಹೊರತೆಗೆಯುವ ದಿನ ಬರುತ್ತದೆಂದು ಯಾರೂ ಎಣಿಸಿರಲಿಲ್ಲ. ಕರಾವಳಿಯ ಎಷ್ಟೋ ಫೈಬರ್ ಬೋಟುಗಳ ಕಥೆ ಇದೇ ಆಗಿರುವುದರಿಂದ ಈ ಪ್ರಕರಣವನ್ನು ಪೂರ್ತಿ ಬರೆದಿಡುವುದು ಉಪಯುಕ್ತ.

ಮೊದಲು ಕಂಡದ್ದು ಬಿಲ್ಜಿನ, ಅಂದರೆ ಬೋಟಿನ ತಳದಲ್ಲಿ ನೀರು ಸೇರುವ ಜಾಗದ, ನೀರಿನ ಮೇಲೆ ಬಣ್ಣಬಣ್ಣದ ಪದರ. ಆಮೇಲೆ ಫಿಲ್ಟರಿನಲ್ಲಿ ಕಪ್ಪು ಲೋಳೆ. ಗಾಳಿಗೆ ಬೋಟು ಹೊಯ್ದಾಡಿದಾಗ ಎಂಜಿನ್ನಿನ ಸದ್ದು ಏರಿಳಿಯತೊಡಗಿತು. ಬೋಟು ನಡೆಸುವ ತಾಂಡೇಲರು ಮೊದಲು ಇಂಜೆಕ್ಟರ್ ಪಂಪನ್ನು ದೂರಿದರು, ಅದು ಸಹಜ. ಆದರೆ ಪಂಪು ಬಿಚ್ಚುವ ಮೊದಲು ಮಾಡಬೇಕಾದ ಪುಕ್ಕಟೆ ಪರೀಕ್ಷೆಯೊಂದಿದೆ: ಅಳತೆ ಕೋಲು.

ಟ್ಯಾಂಕಿನ ಉದ್ದ 1250 ಮಿಮೀ, ಅಗಲ 500 ಮಿಮೀ. ಅಂದರೆ ಕೋಲಿನ ಮೇಲೆ ಒಂದು ಸೆಂಮೀ ಎಂದರೆ 6.25 ಲೀಟರ್. ಹೊರೆ ಇಳಿಸಿದ ಬೋಟನ್ನು ಧಕ್ಕೆಗೆ ಕಟ್ಟಿ, ಎಂಜಿನ್ನಿಗೆ ಹೋಗುವ ಮತ್ತು ಮರಳಿ ಬರುವ ಎರಡೂ ಕೊಳವೆಗಳ ವಾಲ್ವ್ ಮುಚ್ಚಿ, ಸಂಜೆ ಒಮ್ಮೆ, ಬೆಳಿಗ್ಗೆ ಒಮ್ಮೆ ಅಳೆಯಲಾಯಿತು. ಒಂದೇ ರಾತ್ರಿಯಲ್ಲಿ 8 ಮಿಮೀ ಇಳಿದಿತ್ತು, ಅಂದರೆ 5 ಲೀಟರ್. ಕೊಳವೆಗಳೆಲ್ಲ ಮುಚ್ಚಿದ್ದರಿಂದ ಸೋರುತ್ತಿರುವುದು ಟ್ಯಾಂಕೇ ಎಂಬುದು ಖಚಿತವಾಯಿತು. ಇನ್ನೂ ಮೂರು ರಾತ್ರಿ ಹೀಗೇ ಅಳೆದರೆ ತೂತು ಎಲ್ಲಿದೆ ಎಂಬುದೂ ಗೊತ್ತಾಗುತ್ತದೆ. ಮಟ್ಟ ಒಂದು ಎತ್ತರಕ್ಕೆ ಇಳಿದು ನಿಂತುಬಿಟ್ಟರೆ ತೂತು ಆ ಎತ್ತರದಲ್ಲಿ, ಗೋಡೆಯಲ್ಲಿದೆ. ನಿಲ್ಲದೆ, ದಿನದಿನಕ್ಕೆ ತುಸು ನಿಧಾನವಾಗುತ್ತ ಇಳಿಯುತ್ತಲೇ ಇದ್ದರೆ ತಳದಲ್ಲಿದೆ. ಇಲ್ಲಿ ನಿಲ್ಲಲಿಲ್ಲ.

ಸೋರಿದ ಡೀಸೆಲ್ ಬಿಲ್ಜ್ ಪಂಪಿನ ಮೂಲಕ ಸೇರುತ್ತಿದ್ದದ್ದು ಹೊಳೆಗೆ. ಅದೇ ಅಳಿವೆಯ ಕೆಸರಿನಲ್ಲಿ ಇಳಿತದ ಹೊತ್ತಿಗೆ ಜನ ಬಳಚು (ತಿನ್ನುವ ಚಿಪ್ಪುಜೀವಿ) ಹೆಕ್ಕುತ್ತಾರೆ. ಆದ್ದರಿಂದ ತೂತು ತಳದಲ್ಲಿದೆ ಎಂದು ಗೊತ್ತಾದ ದಿನವೇ ಟ್ಯಾಂಕಿನಲ್ಲಿ ಉಳಿದಿದ್ದ 90 ಲೀಟರನ್ನು ಡ್ರಮ್ಮುಗಳಿಗೆ ತೆಗೆದು, ಡೆಕ್ಕಿನ ಮೇಲೆ ಕಟ್ಟಿದ ಕ್ಯಾನುಗಳಿಂದ ಎಂಜಿನ್ನಿಗೆ ತಾತ್ಕಾಲಿಕ ಸಂಪರ್ಕ ಕೊಡಲಾಯಿತು. ಡ್ರಮ್ಮಿನಲ್ಲಿ ಎರಡು ದಿನ ತಣ್ಣಗೆ ಕೂತ ಮೇಲೆ ಅಡಿಯ 5 ಲೀಟರ್ ಬಿಟ್ಟು ಉಳಿದದ್ದು ಬಳಕೆಗೆ ಬಂತು. ಸೋರುವುದನ್ನು ನಿಲ್ಲಿಸುತ್ತದೆಂದು ಒಳಗೆ ಸುರಿಯಲು ಸಿಗುವ ದ್ರವಗಳನ್ನು ಈ ಸ್ಥಿತಿಯಲ್ಲಿ ಬಳಸಕೂಡದು. ತುಕ್ಕಿನ ಹಪ್ಪಳದ ಮೇಲೆ ಏನೂ ಅಂಟುವುದಿಲ್ಲ. ಅಂಟದೆ ಬಿಟ್ಟ ಚೂರುಗಳು ಹೋಗಿ ಕೂರುವುದು ಫಿಲ್ಟರಿನಲ್ಲಿ.

ಯಾವಾಗ ಎಳೆಯಬೇಕು

ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ. ದುರಸ್ತಿಯೆಲ್ಲ ಆಗ ಎಂಬುದು ರೂಢಿ. ಕಬ್ಬಿಣದ ಕೆಲಸಕ್ಕೆ ಆ ಹೊತ್ತು ಅಡ್ಡಿಯಿಲ್ಲ. ಫೈಬರ್ ಕೆಲಸಕ್ಕೆ ಮಾತ್ರ ಅದು ಅತಿ ಕೆಟ್ಟ ಕಾಲ. ಒದ್ದೆ ಗ್ಲಾಸ್ ಮ್ಯಾಟಿನ ಮೇಲೆ ಪಾಲಿಯೆಸ್ಟರ್ ರೆಸಿನ್ ಸರಿಯಾಗಿ ಗಟ್ಟಿಯಾಗುವುದಿಲ್ಲ. ಆದ್ದರಿಂದ ಈ ಬೋಟನ್ನು ಮೇ ತಿಂಗಳ ಹುಣ್ಣಿಮೆಯ ಉಬ್ಬರಕ್ಕೇ ದಡಕ್ಕೆಳೆದು, ಡೆಕ್ ಕೊಯ್ಯುವುದು, ಒಣಗಿಸುವುದು, ಅಂಚು ಕಟ್ಟುವುದು ಇಷ್ಟನ್ನೂ ಮಳೆಗೆ ಮೊದಲು ಮುಗಿಸಲಾಯಿತು. ಟ್ಯಾಂಕು ಮಾಡುವುದು, ಬಣ್ಣ, ಜೋಡಣೆ ತಾಡಪಾಲಿನ ಅಡಿಯಲ್ಲಿ ಜೂನಿಗೆ ಉಳಿಯಿತು.

ಎಳೆಯುವ ಮೊದಲು ಇನ್ನೊಂದು ಕೆಲಸವಿತ್ತು, ಹೆಚ್ಚಿನವರು ಮರೆಯುವಂಥದ್ದು. ಬೋಟು ನೀರಿನಲ್ಲಿ ತೇಲುವಾಗ ಹಿಂದಕ್ಕೆ ಎಷ್ಟು ಬಾಗಿರುತ್ತದೆ ಎಂದು ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ, ಬಲ್ಕ್‌ಹೆಡ್ಡಿನ (ಬೋಟಿನೊಳಗಿನ ಅಡ್ಡಗೋಡೆಯ) ಮೇಲೆ ಎರಡು ಕಡೆ ಗುರುತು ಹಾಕಿಕೊಂಡರು. ದಡದಲ್ಲಿ ದಿಮ್ಮಿಗಳ ಮೇಲೆ ಬೋಟು ಕೂರುವ ಕೋನವೇ ಬೇರೆ. ದಡದಲ್ಲಿ ಸ್ಪಿರಿಟ್ ಲೆವೆಲ್ ಇಟ್ಟು ಟ್ಯಾಂಕಿನ ಇಳಿಜಾರು ಹೊಂದಿಸಿದರೆ, ನೀರಿಗಿಳಿದ ಮೇಲೆ ಟ್ಯಾಂಕಿನೊಳಗಿನ ನೀರು ಡ್ರೈನ್ ಇರುವ ಮೂಲೆ ಬಿಟ್ಟು ಎದುರು ಮೂಲೆಗೆ ಹೋಗಿ ಕೂರುತ್ತದೆ.

ಕೊಯ್ಯುವುದು

ಡೀಸೆಲ್ ಪೆಟ್ರೋಲಿನಷ್ಟು ಅಪಾಯಕಾರಿಯಲ್ಲ ಎಂಬ ಸಲಿಗೆ ಇಲ್ಲಿ ಪ್ರಾಣಕ್ಕೆ ಎರವಾಗುತ್ತದೆ. ನಮ್ಮ ಪಂಪುಗಳಲ್ಲಿ ಸಿಗುವ ಡೀಸೆಲ್‌ಗೆ ಐಎಸ್ 1460 ಮಾನಕ ಹೇಳುವ ಕನಿಷ್ಠ ಫ್ಲ್ಯಾಶ್ ಪಾಯಿಂಟ್, ಅಂದರೆ ಅದರ ಆವಿ ಕಿಡಿಗೆ ಹೊತ್ತಿಕೊಳ್ಳುವ ಉಷ್ಣತೆ, 35 ಡಿಗ್ರಿ ಸೆಲ್ಸಿಯಸ್. ಮೇ ತಿಂಗಳ ಬಿಸಿಲಿಗೆ ಡೆಕ್ ಅದನ್ನು ಸುಲಭವಾಗಿ ದಾಟುತ್ತದೆ. ಬರಿದಾದ ಟ್ಯಾಂಕು ತುಂಬಿದ್ದಕ್ಕಿಂತ ಹೆಚ್ಚು ಅಪಾಯ, ಏಕೆಂದರೆ ಒಳಗಿರುವುದು ಆವಿ ಮತ್ತು ಗಾಳಿಯ ಮಿಶ್ರಣ. ಟ್ಯಾಂಕನ್ನು ಡಿಟರ್ಜೆಂಟ್ ನೀರಿನಿಂದ ಎರಡು ಸಲ ತೊಳೆದು, ತೊಳೆದ ನೀರನ್ನು ಡ್ರಮ್ಮಿಗೆ ತೆಗೆದು, ಬಿಲ್ಜ್ ಒರೆಸಿ, ಅರ್ಧ ದಿನ ಬ್ಲೋವರಿನಿಂದ ಗಾಳಿ ಹಾಯಿಸಿದರು. ಆಮೇಲೆ ಟ್ಯಾಂಕಿನ ಎಲ್ಲ ಬಾಯಿಗಳಿಗೂ ಮರದ ಬಿರಡೆ. ಕೊಯ್ಯುವುದು ಬೆಳಗಿನ ತಂಪಿನಲ್ಲಿ, ಪಕ್ಕದಲ್ಲಿ ಡ್ರೈ ಪೌಡರ್ ನಂದಕ ಹಿಡಿದು ಒಬ್ಬರು. ಗ್ಯಾಸ್ ಕಟರ್ ಬೋಟಿನ ಹತ್ತಿರವೂ ಬರಲಿಲ್ಲ.

ಕಿಂಡಿ ಎಷ್ಟು ದೊಡ್ಡದಿರಬೇಕು? ಟ್ಯಾಂಕು 1250×500, ಹಾಗಾಗಿ 1300×550 ಸಾಕು ಎಂದು ಮೊದಲ ಲೆಕ್ಕ. ಆದರೆ ಮುಚ್ಚಳ ಕೂರಲು ಸುತ್ತಲೂ ಒಳಕ್ಕೆ 50 ಮಿಮೀ ಅಂಚು ಬೇಕು. ಅದನ್ನು ಕಟ್ಟಿದ ಮೇಲೆ ಉಳಿಯುವ ಬಾಯಿ 1200×450, ಹೊಸ ಟ್ಯಾಂಕು ಇಳಿಯುವುದೇ ಇಲ್ಲ. ಆದ್ದರಿಂದ 1400×650 ಕೊಯ್ದರು. ಮೂಲೆಗಳನ್ನು 75 ಮಿಮೀ ತ್ರಿಜ್ಯದಲ್ಲಿ ದುಂಡಗೆ ಬಿಟ್ಟರು, ಚೂಪು ಮೂಲೆಯಿಂದ ಡೆಕ್ ಸೀಳುತ್ತದೆ. ಡೆಕ್ ದಪ್ಪ 8 ಮಿಮೀ. ನಾಲ್ಕು ಇಂಚಿನ ಗ್ರೈಂಡರಿಗೆ ಡೈಮಂಡ್ ಬ್ಲೇಡ್ ಹಾಕಿ, 10 ಮಿಮೀಗಿಂತ ಆಳಕ್ಕೆ ಹೋಗದಂತೆ ಮರದ ಪಟ್ಟಿಯ ತಡೆ ಕಟ್ಟಿದರು. ಡೆಕ್ಕಿಗೂ ಟ್ಯಾಂಕಿಗೂ ನಡುವೆ ಇದ್ದದ್ದು ಬರೀ 20 ಮಿಮೀ.

ಫೋಮಿನ ಹಿಡಿತದಿಂದ ಟ್ಯಾಂಕು ಬಿಡಿಸಲು ತೆಳು ಸ್ಟೀಲ್ ತಂತಿಯೇ ಸಾಧನವಾಯಿತು. ಇಬ್ಬರು ಎರಡು ತುದಿ ಹಿಡಿದು ಗರಗಸದಂತೆ ಎಳೆದಾಡುತ್ತ ನಾಲ್ಕೂ ಬದಿ ಕೊಯ್ದರು. ಮೂರು ಕಂಬದ ಮೇಲಿಂದ ಚೈನ್ ಬ್ಲಾಕ್ ಇಳಿಬಿಟ್ಟು ಎತ್ತಿದಾಗ ಟ್ಯಾಂಕು ಇಡಿಯಾಗಿ ಬಂತು.

ಟ್ಯಾಂಕು ಏನು ಹೇಳಿತು

ಮೇಲ್ಭಾಗ, ಗೋಡೆಗಳು ಬಹುಪಾಲು ಸರಿ ಇದ್ದವು. ಕೆಲವೆಡೆ ಹಳೆಯ ಬಣ್ಣವೂ ಹೊಳೆಯುತ್ತಿತ್ತು. ಮಗುಚಿ ಹಾಕಿದಾಗ ತಳದಲ್ಲಿ ಎರಡು ಅಡ್ಡ ಪಟ್ಟೆಗಳು ಕಂಡವು, ತಲಾ ಅಂಗೈ ಅಗಲ. ಟ್ಯಾಂಕು ಕೂತಿದ್ದ ಮರದ ತುಂಡುಗಳು, ಅವುಗಳ ಮೇಲೆ ಹಾಸಿದ್ದ ರಬ್ಬರ್ ಶೀಟು ಇದ್ದದ್ದು ಸರಿಯಾಗಿ ಅದೇ ಜಾಗದಲ್ಲಿ. ತುಕ್ಕು ಮರದ ತೊಗಟೆಯಂತೆ ಪದರಪದರವಾಗಿ ಎದ್ದು ಬಂತು. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕೆರೆದಾಗ ಏಳು ತೂತು ಸಿಕ್ಕವು. ಪ್ರತಿಯೊಂದೂ ಹೊರಗಡೆ ಎಂಟಾಣೆ ನಾಣ್ಯದಷ್ಟು ಅಗಲದ ಕುಳಿ, ಒಳಗಡೆ ಸೂಜಿ ಮೊನೆಯಷ್ಟು ರಂಧ್ರ. ಕುಳಿ ಅಗಲವಾಗಿರುವ ಬದಿಯಿಂದಲೇ ತುಕ್ಕು ಶುರುವಾಗಿರುತ್ತದೆ. ಅಂದರೆ ಟ್ಯಾಂಕನ್ನು ತಿಂದದ್ದು ಒಳಗಿನ ಡೀಸೆಲ್ ಅಲ್ಲ, ಹೊರಗೆ ನಿಂತ ಉಪ್ಪುನೀರು.

ಫೋಮು ಇದನ್ನೇ ಇನ್ನಷ್ಟು ಸ್ಪಷ್ಟವಾಗಿ ಹೇಳಿತು. ತಳದ ಬದಿಯಿಂದ ಕೊಯ್ದ 10 ಸೆಂಮೀ ಘನದ ತುಂಡನ್ನು ಅಂಗಡಿಯ ತಕ್ಕಡಿಯಲ್ಲಿಟ್ಟರು. ಒಣ ಪಾಲಿಯುರೆಥೇನ್ ಫೋಮ್ ಆ ಗಾತ್ರಕ್ಕೆ 35ರಿಂದ 40 ಗ್ರಾಂ ತೂಗಬೇಕು. ಇದು 640 ಗ್ರಾಂ ತೂಗಿತು. ಹಿಂಡಿದರೆ ನೀರೂ ಡೀಸೆಲ್ಲೂ ಒಟ್ಟಿಗೆ ಸುರಿಯುತ್ತಿದ್ದವು.

ಉಪ್ಪು ಒಮ್ಮೆ ಇಂಥ ಸಂದಿಗೆ ಸೇರಿದರೆ ಮತ್ತೆ ಒಣಗುವುದಿಲ್ಲ. ಗಾಳಿಯ ತೇವಾಂಶ ಶೇ. 75 ದಾಟಿದರೆ ಅಡುಗೆ ಉಪ್ಪು ತಾನಾಗಿ ನೀರು ಹೀರಿ ಕರಗುತ್ತದೆ, ಕರಾವಳಿಯಲ್ಲಿ ಅಡುಗೆಮನೆಯ ಉಪ್ಪಿನ ಡಬ್ಬಿ ನೋಡಿದವರಿಗೆ ಇದನ್ನು ಹೇಳಬೇಕಿಲ್ಲ. ರಬ್ಬರಿಗೂ ಕಬ್ಬಿಣಕ್ಕೂ ನಡುವಿನ ಕೂದಲೆಳೆ ಸಂದಿಯಲ್ಲಿ ವರ್ಷವಿಡೀ ಅದೇ ನಡೆದಿತ್ತು. ದಪ್ಪ ತಗಡು ಹಾಕಿದ್ದರೆ ಇನ್ನು ಎರಡು ಮೂರು ವರ್ಷ ತಡೆಯುತ್ತಿತ್ತು, ಅಷ್ಟೇ.

ಒಳಗೂ ಒಂದು ತಪ್ಪಿತ್ತು, ಸಣ್ಣದು. ಹಿಂದಿನ ಮೂಲೆಯಲ್ಲಿ ನೀರು ನಿಂತ ಜಾಗದಲ್ಲಿ ಕಪ್ಪು ಲೋಳೆ, ಅದರಡಿಯಲ್ಲಿ ಒಂದು ಸಾಲು ಕುಳಿ. ಡೀಸೆಲ್ಲೂ ನೀರೂ ಸೇರುವ ಗೆರೆಯಲ್ಲಿ ಬೆಳೆಯುವ ಬೂಸು ಮತ್ತು ಬ್ಯಾಕ್ಟೀರಿಯಾಗಳ ಕೆಲಸ ಇದು. ಫಿಲ್ಟರಿನ ಲೋಳೆ ಬಂದದ್ದು ಇಲ್ಲಿಂದ. ಟ್ಯಾಂಕಿನಲ್ಲಿ ನೀರು ತೆಗೆಯುವ ದಾರಿಯೇ ಇರಲಿಲ್ಲ.

ಯಾವ ಲೋಹ

ಇಲ್ಲಿ ಚರ್ಚೆ ನಡೆಯಿತು. ಸ್ಟೇನ್‌ಲೆಸ್ ಹಾಕಿದರೆ ಜನ್ಮಪೂರ್ತಿ ಚಿಂತೆಯಿಲ್ಲ ಎಂಬ ಮಾತು ಧಕ್ಕೆಯಲ್ಲಿ ಸಾಮಾನ್ಯ. ಅದು ಪೂರ್ತಿ ನಿಜವಲ್ಲ. ಗಾಳಿಯಾಡದ ಒದ್ದೆ ಸಂದಿಯಲ್ಲಿ ಸ್ಟೇನ್‌ಲೆಸ್ ಕೂಡ ತೂತಾಗುತ್ತದೆ, 304 ದರ್ಜೆಯದು ಬೇಗ, 316ಎಲ್ ತಡವಾಗಿ. 5083 ಅಲ್ಯೂಮಿನಿಯಂ ಹಗುರ ಮತ್ತು ಒಳ್ಳೆಯದು, ಆದರೆ ಅದಕ್ಕೆ ಪಳಗಿದ ಆರ್ಗಾನ್ ವೆಲ್ಡಿಂಗ್ ಬೇಕು, ಹಿತ್ತಾಳೆ ಫಿಟ್ಟಿಂಗ್ ನೇರ ತಾಗಿಸುವಂತಿಲ್ಲ. ಜಿಐ (ಸತು ಲೇಪಿಸಿದ ಕಬ್ಬಿಣ) ತಗಡನ್ನು ಮಾತ್ರ ಯಾವ ಕಾರಣಕ್ಕೂ ಬಳಸಬೇಡಿ. ಡೀಸೆಲ್‌ನಲ್ಲಿರುವ ಆಮ್ಲಗಳು ಸತುವಿನ ಜತೆ ಸೇರಿ ಸಾಬೂನಿನಂಥ ಅಂಟು ಉಂಟಾಗಿ ಫಿಲ್ಟರ್ ಕಟ್ಟುತ್ತದೆ.

ಕೊನೆಗೆ ಆರಿಸಿದ್ದು ಮತ್ತೆ ಸಾದಾ ಕಬ್ಬಿಣವನ್ನೇ: ತಳಕ್ಕೆ 4 ಮಿಮೀ, ಉಳಿದೆಡೆ 3 ಮಿಮೀ. ಕೂರಿಸುವ ರೀತಿ ಬದಲಾದರೆ ಕಬ್ಬಿಣ ಬಾಳುತ್ತದೆ, ಯಾವ ಬಂದರಿನಲ್ಲೂ ಬೆಸೆಯುವವರು ಸಿಗುತ್ತಾರೆ. ಈ ಬೋಟಿಗೆ ಅದು ಸರಿಯಾದ ಆಯ್ಕೆ.

ತಳವನ್ನು ಎತ್ತರಿಸಬೇಕಾದ್ದರಿಂದ ಟ್ಯಾಂಕಿನ ಎತ್ತರ 400ರಿಂದ 350 ಮಿಮೀಗೆ ಇಳಿಯಿತು. ಉದ್ದ, ಅಗಲ ಹಾಗೇ ಉಳಿದವು. ಹಿಡಿಯುವುದು 218 ಲೀಟರ್. ಡೀಸೆಲ್ ಹಿಗ್ಗಲು ಶೇ. 5 ಬಿಟ್ಟರೆ 208, ಹೀರುವ ಕೊಳವೆಯ ಕೆಳಗೆ 25 ಮಿಮೀ ಎಂದರೆ ಇನ್ನೂ 15 ಲೀಟರ್ ಬಳಕೆಗೆ ಬಾರದು. ಮಾಲೀಕರಿಗೆ ಇದು ರುಚಿಸಲಿಲ್ಲ. ಆದರೆ 36 ಅಶ್ವಶಕ್ತಿಗೆ ಪೂರ್ಣ ಹೊರೆಯಲ್ಲಿ ಗಂಟೆಗೆ 7 ಲೀಟರ್ ಆಸುಪಾಸು ಹಿಡಿದರೂ 192 ಲೀಟರ್ 27 ಗಂಟೆಗೆ ಬರುತ್ತದೆ. ಸಂಜೆ ಹೋಗಿ ಬೆಳಿಗ್ಗೆ ಮರಳುವ ಗಿಲ್‌ನೆಟ್ಟಿಗೆ ಇದು ಧಾರಾಳ.

ಹೊಸ ಟ್ಯಾಂಕು

ತಳದ ತಗಡನ್ನು ತಟ್ಟೆಯಂತೆ ನಾಲ್ಕೂ ಬದಿ 50 ಮಿಮೀ ಮೇಲಕ್ಕೆ ಮಡಚಿದರು. ಹೀಗಾಗಿ ಉದ್ದುದ್ದದ ಬೆಸುಗೆ ತಳದ ಅಂಚಿನಲ್ಲಿ ಬರದೆ 50 ಮಿಮೀ ಮೇಲೆ ಬಂತು. ನೀರು ನಿಲ್ಲುವುದು ತಳದಲ್ಲಿ, ಅಲ್ಲಿ ಬೆಸುಗೆ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಒಳಗೆ ಎರಡು ತಡೆಗೋಡೆ, ಸುಮಾರು 417 ಮಿಮೀಗೆ ಒಂದರಂತೆ. ಕೆಳಮೂಲೆಗಳಲ್ಲಿ 40 ಮಿಮೀ ಕತ್ತರಿಸಿ ಡೀಸೆಲ್‌ಗೆ ದಾರಿ, ಮೇಲ್ಮೂಲೆಗಳಲ್ಲಿ ಗಾಳಿಗೆ ದಾರಿ. ಹಿಂದಿನ ಮೂಲೆಯಲ್ಲಿ 100×100 ಮಿಮೀ, 40 ಮಿಮೀ ಆಳದ ಗುಳಿ. ಅದಕ್ಕೆ ಅರ್ಧ ಇಂಚಿನ ವಾಲ್ವ್, ವಾಲ್ವಿನ ಬಾಯಿಗೆ ಪ್ಲಗ್. ವಾಲ್ವ್ ಕಾಲಿಗೆ ತಾಗಿ ತೆರೆದುಕೊಂಡರೂ ಪ್ಲಗ್ ಕಾಯುತ್ತದೆ.

ಉಳಿದ ಎಲ್ಲ ಬಾಯಿಗಳೂ ಮೇಲ್ಭಾಗದಲ್ಲಿ. ತುಂಬುವ ಕೊಳವೆ ಒಳವ್ಯಾಸ 38 ಮಿಮೀ, ಗಾಳಿ ಕೊಳವೆ 16 ಮಿಮೀ, ಹೀರುವುದು 12 ಮಿಮೀ. ಮರಳುವ ಕೊಳವೆ ಹೀರುವುದರಿಂದ ಅತಿ ದೂರದ ತುದಿಯಲ್ಲಿ. ಹತ್ತಿರವಿಟ್ಟರೆ ಮರಳಿ ಬರುವ ಗುಳ್ಳೆಗಳನ್ನೇ ಎಂಜಿನ್ ಹೀರುತ್ತದೆ. ಮೂರೂ ಕೋಣೆಗಳಿಗೆ ಕೈ ಹೋಗುವಷ್ಟು, 150 ಮಿಮೀ ಮುಚ್ಚಳ. ಮುಚ್ಚಳಕ್ಕೆ 3 ಮಿಮೀ ನೈಟ್ರೈಲ್ ಗ್ಯಾಸ್ಕೆಟ್. ಟ್ಯೂಬ್ ಕತ್ತರಿಸಿ ಹಾಕುವ ಅಭ್ಯಾಸವಿದೆ, ಮಾಮೂಲಿ ರಬ್ಬರ್ ಡೀಸೆಲ್ ಕುಡಿದು ಉಬ್ಬಿ ಬಾಯಿ ಬಿಡುತ್ತದೆ. ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ಬದಲು ದ್ರವ ಸೀಲೆಂಟ್, ಟೇಪಿನ ಎಳೆ ಇಂಜೆಕ್ಟರ್ ತನಕ ಹೋಗಬಲ್ಲದು.

ಸೋರಿಕೆ ಪರೀಕ್ಷೆಗೆ ಬೇಕಾದ ಒತ್ತಡ 20 ಕಿಲೋಪಾಸ್ಕಲ್, ಅಂದರೆ 2 ಮೀಟರ್ ನೀರಿನ ಕಂಬದಷ್ಟು. ಇದಕ್ಕೆ ಟೈರ್ ಅಂಗಡಿಯ ಕಂಪ್ರೆಸರ್ ತರಬೇಡಿ. ಇಷ್ಟೇ ಒತ್ತಡಕ್ಕೆ 1250×500ರ ಮೇಲ್ತಗಡಿನ ಮೇಲೆ ಬೀಳುವ ಬಲ ಒಂದೂಕಾಲು ಟನ್. ಮೀಟರ್ ಮುಳ್ಳು ನೋಡುವಷ್ಟರಲ್ಲಿ ಟ್ಯಾಂಕು ಊದಿಕೊಂಡಿರುತ್ತದೆ. ಆರು ಮೀಟರ್ ಪಾರದರ್ಶಕ ಪೈಪನ್ನು ಬಿದಿರಿಗೆ 'ಯು' ಆಕಾರದಲ್ಲಿ ಕಟ್ಟಿ, ಅರ್ಧ ನೀರು ತುಂಬಿ, ಒಂದು ತುದಿ ಟ್ಯಾಂಕಿಗೆ ಜೋಡಿಸಿ, ಸೈಕಲ್ ಪಂಪಿನಿಂದ ಗಾಳಿ ಹಾಕಿದರು. ಎರಡು ಕಂಬಗಳ ನೀರಿನ ಮಟ್ಟದ ಅಂತರ 2 ಮೀಟರ್ ಆದಾಗ ನಿಲ್ಲಿಸಿ, ಅರ್ಧ ಗಂಟೆ ಕಾದು, ಬೆಸುಗೆಗೆಲ್ಲ ಸಾಬೂನು ನೀರು ಹಚ್ಚಿದರು. ಟ್ಯಾಂಕು ನೆರಳಿನಲ್ಲೇ ಇರಬೇಕು. ಒಳಗಿನ ಗಾಳಿ ಒಂದು ಡಿಗ್ರಿ ತಣಿದರೆ ಸಾಕು, ಮಟ್ಟ 4 ಸೆಂಮೀ ತನಕ ಇಳಿದು ಇಲ್ಲದ ತೂತು ಹುಡುಕಿಸುತ್ತದೆ. ಮೊದಲ ಸಲ ಮೂರು ಕಡೆ ಗುಳ್ಳೆ ಬಂತು: ಎರಡು ಮೂಲೆ ಬೆಸುಗೆ, ಒಂದು ಗಾಳಿ ಕೊಳವೆಯ ಬುಡ. ಅದರ ಮೇಲೆಯೇ ಇನ್ನೊಂದು ಪದರ ಬೆಸೆಯದೆ, ಗ್ರೈಂಡ್ ಮಾಡಿ ಬುಡದಿಂದ ಬೆಸೆದು, ಮತ್ತೆ ಪರೀಕ್ಷೆ.

ಹೊರಗೆ ಹೊಳೆಯುವ ತನಕ ಉಜ್ಜಿ ಎಪಾಕ್ಸಿ, ಒಟ್ಟು 300 ಮೈಕ್ರಾನ್. ಒಳಗೆ ಬಣ್ಣ ಬೇಡ, ಡೀಸೆಲ್ ಬಟ್ಟೆಯಲ್ಲಿ ಒರೆಸಿದರೆ ಸಾಕು. ಒಳಗಿನ ಬಣ್ಣ ಎಂದಾದರೂ ಸುಲಿದೇ ಸುಲಿಯುತ್ತದೆ.

ಕೂರಿಸುವುದು

ಇಡೀ ದುರಸ್ತಿಯ ಜೀವ ಇಲ್ಲಿದೆ. ಹಳೆ ಮರ, ಫೋಮ್ ಎಲ್ಲ ತೆಗೆದು ಬೋಟಿನ ಹೊರಕವಚದ ಒಳಮೈಯನ್ನು ಮೊದಲು ಅಸಿಟೋನಿನಿಂದ ಒರೆಸಿ, ಆಮೇಲೆ 36 ನಂಬರಿನ ಕಾಗದದಲ್ಲಿ ಉಜ್ಜಿದರು. ಮೊದಲು ಉಜ್ಜಿದರೆ ಡೀಸೆಲ್ ಇನ್ನೂ ಆಳಕ್ಕೆ ಇಳಿಯುತ್ತದೆ. 75 ಮಿಮೀ ಎತ್ತರದ ನಾಲ್ಕು ಅಡ್ಡ ಆಧಾರಗಳನ್ನು ಫೈಬರಿನಿಂದ ಕಟ್ಟಿ, ಪ್ರತಿಯೊಂದರ ನಡುಬುಡದಲ್ಲಿ ನೀರು ಹರಿಯಲು ಎರಡು ಬೆರಳಿನಷ್ಟು ಕಿಂಡಿ ಬಿಟ್ಟರು. ಎರಡು ಆಧಾರ ತಡೆಗೋಡೆಗಳ ನೇರ ಕೆಳಗೆ, ಎರಡು ತುದಿಗಳ ಹತ್ತಿರ.

ರಬ್ಬರ್ ಶೀಟು, ಗೋಣಿ, ಕಾರ್ಪೆಟ್ ಯಾವುದೂ ಇಲ್ಲ. ಫೈಬರ್ ಹಾಳೆಯಿಂದ 50 ಮಿಮೀ ಅಗಲ, 6 ಮಿಮೀ ದಪ್ಪದ ನಾಲ್ಕು ಪಟ್ಟಿ ಕತ್ತರಿಸಿ, ಟ್ಯಾಂಕು ಮಗುಚಿಟ್ಟು, ಪಟ್ಟಿಯ ಪೂರ್ತಿ ಮೈಗೆ ಪಾಲಿಯುರೆಥೇನ್ ಸೀಲೆಂಟ್ ಬಳಿದು ತಳಕ್ಕೆ ಒತ್ತಿದರು. ಅಂಚುಗಳಿಂದ ಸೀಲೆಂಟ್ ಸುತ್ತಲೂ ಉಕ್ಕಿ ಬಂದರೆ ಮಾತ್ರ ಒಳಗೆ ಪೊಳ್ಳಿಲ್ಲ ಎಂದರ್ಥ. ಒಂದು ಪಟ್ಟಿಯಲ್ಲಿ ಒಂದು ಗೇಣು ಉಕ್ಕಲಿಲ್ಲ, ಕಿತ್ತು ಮತ್ತೆ ಅಂಟಿಸಿದರು. ಹೀಗೆ ಕಬ್ಬಿಣಕ್ಕೂ ಪಟ್ಟಿಗೂ ನಡುವೆ ನೀರು ನುಗ್ಗಲು ಜಾಗವೇ ಉಳಿಯುವುದಿಲ್ಲ. ಒದ್ದೆಯಾಗುವುದಿದ್ದರೆ ಪಟ್ಟಿಯ ಕೆಳಗೆ, ಫೈಬರಿಗೂ ಫೈಬರಿಗೂ ನಡುವೆ.

ತುಂಬಿದ ಟ್ಯಾಂಕು ಸುಮಾರು 250 ಕೆಜಿ. ಅಲೆಗೆ ಬೋಟು ಬಿದ್ದೆದ್ದಾಗ ಅದು ಇದರ ಎರಡು ಮೂರು ಪಟ್ಟು ಬಲದಲ್ಲಿ ಎಳೆಯುತ್ತದೆ. 40×5 ಮಿಮೀ ಕಬ್ಬಿಣದ ಪಟ್ಟಿ ಎರಡು, ಅವುಗಳ ಅಡಿಗೂ ಅಂಟಿಸಿದ ಫೈಬರ್ ಪಟ್ಟಿ. ಸುತ್ತ ಕನಿಷ್ಠ 25 ಮಿಮೀ ಖಾಲಿ, ಗಾಳಿಗೆ.

ಫೋಮ್ ತೆಗೆದರೆ ಬೋಟಿನ ತೇಲುವ ಶಕ್ತಿ ಹೋಗುವುದಿಲ್ಲವೇ ಎಂಬ ಪ್ರಶ್ನೆ ಸರಿಯಾದದ್ದು. ತೆಗೆದದ್ದು 160 ಲೀಟರಿನಷ್ಟು. ಆದರೆ ನೀರು ಕುಡಿದ ಫೋಮ್ ತೇಲಿಸುವ ಶಕ್ತಿಯ ಬಹುಪಾಲನ್ನು ಆಗಲೇ ಕಳೆದುಕೊಂಡಿತ್ತು. ಅಷ್ಟೇ ಗಾತ್ರದ ಹೊಸ ಫೋಮ್ ತುಂಡುಗಳನ್ನು ಮುಂಭಾಗದ ಒಣ ಕೋಣೆಯಲ್ಲಿ ಕಟ್ಟಿಟ್ಟರು. ಹಳೆಯದನ್ನು ದಡದಲ್ಲಿ ಸುಡಬಾರದು, ಅದರ ಹೊಗೆಯಲ್ಲಿ ಹೈಡ್ರೋಜನ್ ಸೈನೈಡ್ ಇರುತ್ತದೆ.

ಡೆಕ್ಕನ್ನು ಮತ್ತೆ ಶಾಶ್ವತವಾಗಿ ಮುಚ್ಚಲಿಲ್ಲ. ಚದರ ಮೀಟರಿಗೆ 450 ಗ್ರಾಂ ತೂಗುವ ಗ್ಲಾಸ್ ಮ್ಯಾಟ್ ನಾಲ್ಕು, 600 ಗ್ರಾಂ ತೂಗುವ ಗ್ಲಾಸ್ ನೇಯ್ಗೆ ಮೂರು ಪದರದ ಅಂಚು ಕಟ್ಟಿ, ಅದರಡಿ ಥ್ರೆಡ್ ಕೊರೆದ ಸ್ಟೇನ್‌ಲೆಸ್ ಪಟ್ಟಿ ಕೂರಿಸಿ, ಕೊಯ್ದ ತುಂಡನ್ನೇ ಅಡಿಯಲ್ಲಿ ಅಡ್ಡ ಏಣು ಕಟ್ಟಿ ಮುಚ್ಚಳ ಮಾಡಿದರು. 100 ಮಿಮೀಗೊಂದರಂತೆ 8 ಮಿಮೀ ದಪ್ಪದ 39 ಬೋಲ್ಟ್, ಗ್ರೀಸ್ ಹಚ್ಚಿ. ನಡುವೆ ನಿಯೋಪ್ರೀನ್ ಗ್ಯಾಸ್ಕೆಟ್. ಅಂಟುವ ಸೀಲೆಂಟ್ ಹಾಕಿದರೆ ಮುಂದೆ ಮತ್ತೆ ಗ್ರೈಂಡರೇ ಗತಿ.

ನೀರಿಗಿಳಿದ ಮೇಲೆ

ಆಗಸ್ಟ್ ಮೊದಲ ವಾರ ಡೀಸೆಲ್ ತುಂಬುವಾಗ 60 ಲೀಟರ್ ಆಗುವಷ್ಟರಲ್ಲಿ ಬಾಯಿಯಿಂದ ಉಕ್ಕಿತು. ಟ್ಯಾಂಕಿನದ್ದಲ್ಲ ತಪ್ಪು, ಗಾಳಿ ಕೊಳವೆಯದ್ದು. ಕ್ಯಾಬಿನ್ ಹಿಂದೆ ಕೊಳವೆ ಒಂದು ಕಡೆ ಜೋತು ಬಿದ್ದು, ಆ ಜೋತಿನಲ್ಲಿ ಡೀಸೆಲ್ ನಿಂತು ಗಾಳಿಗೆ ದಾರಿ ಕಟ್ಟಿತ್ತು. ಟ್ಯಾಂಕಿನಿಂದ ತುದಿಯವರೆಗೆ ಎಲ್ಲೂ ಇಳಿಯದೆ ಏರುವಂತೆ ಕ್ಲಿಪ್ ಹಾಕಿ, ತುದಿಯನ್ನು ಡೆಕ್ಕಿಗಿಂತ 350 ಮಿಮೀ ಮೇಲೆ ಕೆಳಮುಖ ಬಾಗಿಸಿ, ಅಲೆ ಚಿಮ್ಮದ ಒಳಬದಿಗೆ ತಂದ ಮೇಲೆ ಸರಿಹೋಯಿತು.

ಹೊಸ ಕಬ್ಬಿಣದ ಪುಡಿ ಮೊದಲ ವಾರ ಎರಡು ಸಲ ಫಿಲ್ಟರ್ ಕಟ್ಟಿತು, ಅದು ನಿರೀಕ್ಷಿತ. 10 ಗಂಟೆ ಓಡಿದ ಮೇಲೊಮ್ಮೆ, 25 ಗಂಟೆ ಓಡಿದ ಮೇಲೊಮ್ಮೆ ಬದಲಿಸಲು ಫಿಲ್ಟರುಗಳನ್ನು ಮೊದಲೇ ತಂದಿಟ್ಟಿದ್ದರು. ಟ್ಯಾಂಕಿಗೂ ಎಂಜಿನ್ನಿಗೂ ನಡುವೆ ಗಾಜಿನ ಬಟ್ಟಲಿನ ನೀರು ಬೇರ್ಪಡಿಸುವ ಫಿಲ್ಟರ್ ಸೇರಿತು. ವಾರಕ್ಕೊಮ್ಮೆ, ಬೋಟು ರಾತ್ರಿಯಿಡೀ ನಿಂತ ಮೇಲೆ, ಎಂಜಿನ್ ಚಾಲೂ ಮಾಡುವ ಮೊದಲು ಗುಳಿಯ ವಾಲ್ವ್ ತೆರೆದು ಬಾಟಲಿಗೆ ಹಿಡಿಯುತ್ತಾರೆ. ಮೊದಲ ತಿಂಗಳು ಪ್ರತಿ ಸಲ ಕಾಲು ಲೋಟ ನೀರು ಬರುತ್ತಿತ್ತು. ತುಂಬುವ ಬಾಯಿಯ ಮುಚ್ಚಳದ ಓ-ರಿಂಗ್ ಬದಲಿಸಿದ ಮೇಲೆ ಒಂದೆರಡು ಚಮಚಕ್ಕೆ ಇಳಿಯಿತು.

ಮುಂದಿನ ಮೇ ತಿಂಗಳಲ್ಲಿ 39 ಬೋಲ್ಟು ಬಿಚ್ಚಿ, ಟಾರ್ಚೂ ಕೈಗನ್ನಡಿಯೂ ಹಿಡಿದು ತಳ ನೋಡಿದರು. ಮುಂದಿನ ತುದಿಯ ಪಟ್ಟಿಯ ಅಂಚಿನಲ್ಲಿ ಹೆಬ್ಬೆರಳುಗುರಿನಷ್ಟು ಎಪಾಕ್ಸಿ ಎದ್ದಿತ್ತು. ಅದನ್ನು ಕೆರೆದು, ಸಿಹಿನೀರಿನಲ್ಲಿ ತೊಳೆದು ಒಣಗಿಸಿ, ಎರಡು ಕೈ ಬಣ್ಣ ಕೊಟ್ಟು ಮುಚ್ಚಳ ಹಾಕಿದರು. ಬಿಚ್ಚಿ ಮುಚ್ಚಲು ಒಂದು ದಿನ ಸಾಕಾಯಿತು.